ಡಬ್ಲ್ಯುಡಿಎಂ-2 ಮಾದರಿಗೆ ಮೂರು ಷಾಸಿಗಳು: ಕಟ್ಟಿ ನೋಡಿದ ಹೋಲಿಕೆ

ಭಾರತೀಯ ರೈಲ್ವೆಯ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನಿನ ಮಾದರಿಯನ್ನು ಎಚ್‌ಒ ಪ್ರಮಾಣದಲ್ಲಿ, ಅಂದರೆ ಮೂಲದ 87ನೇ ಒಂದು ಭಾಗದ ಅಳತೆಯಲ್ಲಿ, ಕಟ್ಟಬೇಕೆಂದು ನಿರ್ಧರಿಸಿದಾಗ ಅಮೆರಿಕದ ಎಂಜಿನ್ ಮಾದರಿಗಳ ಬಿಡಿಭಾಗಗಳನ್ನೇ ಕೂಡಿಸುವುದು ಸಹಜವೆನಿಸಿತು. ಈ ಎಂಜಿನ್ನಿನ ವಿನ್ಯಾಸವೇ ಅಮೆರಿಕದ ಆಲ್ಕೊ ಕಂಪನಿಯದು. ಮೊದಲ ಎಂಜಿನ್ನುಗಳು 1962ರಲ್ಲಿ ಅಲ್ಲಿಂದ ಬಂದವು, 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿ ತಯಾರಾದವು. ಬೆಂಗಳೂರಿನ ಕೆ.ಆರ್. ಪುರಂ ಷೆಡ್ಡಿನ ಬಳಿ ಇವುಗಳ ಸದ್ದು ಕೇಳಿದವರಿಗೆ ಆ 16 ಸಿಲಿಂಡರುಗಳ ಗುಡುಗನ್ನು ಬಣ್ಣಿಸಬೇಕಿಲ್ಲ.

ಎರಡು ಹಳೆಯ ಆಲ್ಕೊ ಮಾದರಿಗಳ ಹುಡ್ (ಯಂತ್ರವನ್ನು ಮುಚ್ಚುವ ಉದ್ದನೆಯ ಕವಚ) ಮತ್ತು ಕ್ಯಾಬ್ (ಚಾಲಕನ ಕೋಣೆ) ಕತ್ತರಿಸಿ, ನಡುವೆ ಪ್ಲಾಸ್ಟಿಕ್ ಹಾಳೆ ಸೇರಿಸಿ ಮೇಲ್ಭಾಗವನ್ನು ಮೊದಲೇ ಸಿದ್ಧಪಡಿಸಿಕೊಂಡಿದ್ದೆ. ಪ್ರಶ್ನೆ ಉಳಿದದ್ದು ಷಾಸಿಯದು, ಅಂದರೆ ಮೋಟಾರು ಮತ್ತು ಗಾಲಿಗಳನ್ನು ಹೊತ್ತ ಕೆಳಗಿನ ಚೌಕಟ್ಟಿನದು. ಮೂರು ಬಗೆಯ ಷಾಸಿಗಳ ಮೇಲೆ ಅದೇ ಮೇಲ್ಭಾಗವನ್ನು ಒಂದಾದ ಮೇಲೊಂದರಂತೆ ಕೂರಿಸಿ ಓಡಿಸಿ ನೋಡಿದೆ.

ಹೋಲಿಕೆಗೆ ಮುನ್ನ ಒಂದು ಮಾತು. ಬೋಗಿ ಎಂದರೆ ನಾವು ಟಿಕೆಟ್ ಹಿಡಿದು ಹತ್ತುವ ಡಬ್ಬಿ ಎಂಬುದು ರೂಢಿ. ಇಲ್ಲಿ ಮಾತ್ರ ಆ ಪದ ಮೂರು ಜೊತೆ ಗಾಲಿಗಳನ್ನು ಹಿಡಿದಿಡುವ ಕೆಳಗಿನ ಚೌಕಟ್ಟನ್ನು ಸೂಚಿಸುತ್ತದೆ. ಡಬ್ಲ್ಯುಡಿಎಂ-2ರ ಬೋಗಿಯಲ್ಲಿ ನಡುವಿನ ಅಚ್ಚು (ಒಂದು ಜೊತೆ ಗಾಲಿಗಳನ್ನು ಕೂಡಿಸುವ ದಂಡ) ಸರಿಯಾಗಿ ಮಧ್ಯದಲ್ಲಿಲ್ಲ, ಒಂದು ಕಡೆಗೆ ಸರಿದಿದೆ. ಟ್ರೈಮೌಂಟ್ ಎಂದು ಕರೆಯುವ ಈ ಬೋಗಿಯೇ ಆ ಎಂಜಿನ್ನಿನ ಗುರುತೆಂದು ನಾನು ನಂಬುತ್ತೇನೆ.

ಮೊದಲು ಪ್ರಯತ್ನಿಸಿದ್ದು ಟ್ರೇನ್ ಮಾಸ್ಟರ್ ಎಂಬ ಅಮೆರಿಕದ ಎಂಜಿನ್ನಿನ ಹಳೆಯ ಮಾದರಿಯ ಷಾಸಿ. ಅದರಲ್ಲಿ ಟ್ರೈಮೌಂಟ್ ಬೋಗಿಯಿದೆ, ಹಳೆಯ ಸಾಮಾನಾದ್ದರಿಂದ ಅಗ್ಗವಾಗಿಯೂ ಸಿಕ್ಕಿತು. ಆದರೆ ಮೂಲ ಟ್ರೇನ್ ಮಾಸ್ಟರ್ 66 ಅಡಿ ಉದ್ದದ್ದು, ಎಚ್‌ಒದಲ್ಲಿ ಸುಮಾರು 231 ಮಿ.ಮೀ. ಆಗುತ್ತದೆ, ಡಬ್ಲ್ಯುಡಿಎಂ-2ಕ್ಕೆ ಬೇಕಾದದ್ದು 197 ಮಿ.ಮೀ. ಹೆಚ್ಚಾದ 34 ಮಿ.ಮೀ.ಯನ್ನು ಗರಗಸದಿಂದ ಕೊಯ್ದು ತೆಗೆದೆ. ಸತುವಿನ ಎರಕಕ್ಕೆ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲವಾದ್ದರಿಂದ ಎರಡು ತುಂಡುಗಳನ್ನೂ ಗಾಜಿನ ಹಲಗೆಯ ಮೇಲೆ ಬಿಗಿದು, ಇಕ್ಕೆಲಕ್ಕೆ ಹಿತ್ತಾಳೆ ಪಟ್ಟಿ ಇಟ್ಟು, ಸ್ಕ್ರೂ ಮತ್ತು ಎಪಾಕ್ಸಿಯಿಂದ ಜೋಡಿಸಿದೆ. ಮೋಟಾರಿನಿಂದ ಗಿಯರಿಗೆ ಹೋಗುವ ದಂಡವನ್ನೂ ಅಷ್ಟೇ ಗಿಡ್ಡ ಮಾಡಬೇಕಾಯಿತು. ಇಷ್ಟೆಲ್ಲ ಮಾಡಿದರೂ ಒಂದು ತುಂಡು ಕೂದಲೆಳೆಯಷ್ಟು ತಿರುಚಿಕೊಂಡಿತ್ತು. ಹಳಿಯ ಮೇಲಿಟ್ಟಾಗ ಹಿಂದಿನ ಮೂಲೆಯ ಗಾಲಿಯ ಅಡಿಯಲ್ಲಿ ಒಂದು ಕಾಗದದ ಚೂರು ಸರಾಗವಾಗಿ ಹಾಯುತ್ತಿತ್ತು. ಹಳೆಯ ಮೋಟಾರು ಒಂಬತ್ತು ಡಬ್ಬಿಗಳನ್ನು ಎಳೆಯಿತು, ಆದರೆ ಒಂದು ಆಂಪಿಯರಿನ ಹತ್ತಿರ ವಿದ್ಯುತ್ತು ಕೇಳಿತು, ಮತ್ತು ನಿಧಾನವಾಗಿ ಹೊರಡಲು ಅದಕ್ಕೆ ಬರಲೇ ಇಲ್ಲ.

ಎರಡನೆಯದು ಸಮಾನ ಅಂತರದ ಅಚ್ಚುಗಳಿರುವ ಎಸ್‌ಡಿ9 ಎಂಬ ಇನ್ನೊಂದು ಅಮೆರಿಕದ ಎಂಜಿನ್ನಿನ ಮಾದರಿಯ ಷಾಸಿ. ಓಟದ ದೃಷ್ಟಿಯಿಂದ ಮೂರರಲ್ಲಿ ಇದೇ ಉತ್ತಮ. ಕಾಲು ಆಂಪಿಯರಿನಲ್ಲಿ ಎಂಟು ಡಬ್ಬಿಗಳನ್ನು ಎಳೆಯಿತು, ಹಳಿಯ ಒಂದೊಂದೇ ಸ್ಲೀಪರನ್ನು ಎಣಿಸುವಷ್ಟು ನಿಧಾನವಾಗಿಯೂ ನಡೆಯಿತು. ಉದ್ದವನ್ನು ಎರಡೂ ತುದಿಗಳಲ್ಲಿ ಕತ್ತರಿಸಿದರೆ ಸಾಕಾದ್ದರಿಂದ ಮೋಟಾರನ್ನು ಮುಟ್ಟಬೇಕಾಗಲಿಲ್ಲ. ಬೋಗಿಯ ಪಕ್ಕದ ಚೌಕಟ್ಟುಗಳನ್ನು ತ್ರೀಡಿ ಮುದ್ರಣದಲ್ಲಿ ಮಾಡಿಸಿದೆ. ಕಷ್ಟ ಬಂದದ್ದು ಅಲ್ಲಿಯೇ. ಚೌಕಟ್ಟನ್ನು ಟ್ರೈಮೌಂಟಿನಂತೆ ಮಾಡಿದರೆ ಅಚ್ಚಿನ ತುದಿ ಕೂರಬೇಕಾದ ಅದರ ಬೇರಿಂಗ್ ಪೆಟ್ಟಿಗೆ ಒಂದು ಕಡೆ, ಅದರ ಹಿಂಬದಿಯಲ್ಲಿರುವ ನಡುಗಾಲಿಯ ಮಧ್ಯ ಇನ್ನೊಂದು ಕಡೆ. ಗಾಲಿಗೆ ಹೊಂದಿಸಿದರೆ ಅದು ಟ್ರೈಮೌಂಟ್ ಆಗಿ ಉಳಿಯುವುದಿಲ್ಲ. ದೂರದಿಂದ ಯಾರಿಗೂ ತಿಳಿಯದು, ನಿಜ. ಆದರೆ ಮಾದರಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಾಗಲೆಲ್ಲ ನನ್ನ ದೃಷ್ಟಿ ಆ ನಡುಗಾಲಿಗೇ ಹೋಗುತ್ತಿತ್ತು.

ಮೂರನೆಯದು ಆಲ್ಕೊ ಕಂಪನಿಯದೇ ಆದ ಆರ್‌ಎಸ್‌ಡಿ-5 ಎಂಜಿನ್ನಿನ ಮಾದರಿಯ ಷಾಸಿ. ಇದು ಅಪರೂಪ, ಮೊದಲಿನ ಎರಡಕ್ಕೂ ಸೇರಿ ಕೊಟ್ಟದ್ದಕ್ಕಿಂತ ಹೆಚ್ಚು ಹಣ ಕೊಟ್ಟೆ. ಉದ್ದ ಹೆಚ್ಚುಕಡಿಮೆ ಸರಿಯಾಗಿದೆ, ಬೋಗಿ ಟ್ರೈಮೌಂಟ್. ಗಾಲಿ ಮಾತ್ರ ಚಿಕ್ಕದು: ಆರ್‌ಎಸ್‌ಡಿ-5ರದು 1016 ಮಿ.ಮೀ. ವ್ಯಾಸ, ನಮ್ಮ ಎಂಜಿನ್ನಿನದು 1092. ಮಾದರಿಯಲ್ಲಿ ಈ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಕಡಿಮೆ, ಆದರೂ 12.5 ಮಿ.ಮೀ. ಗಾಲಿಗಳನ್ನು ಹಾಕಿದೆ. ಆಗ ಬ್ರೇಕ್ ಕಟ್ಟೆಗಳು ಗಾಲಿಗೆ ಉಜ್ಜತೊಡಗಿದವು. ಇದಕ್ಕೆ ಪರಿಹಾರ ಬ್ರಾಡ್‌ಗೇಜಿನಿಂದಲೇ ದೊರೆಯಿತು. ನಮ್ಮ ಹಳಿಗಳ ಅಂತರ 1676 ಮಿ.ಮೀ., ಅಮೆರಿಕದ್ದು 1435. ಆದ್ದರಿಂದ ಪಕ್ಕದ ಚೌಕಟ್ಟುಗಳನ್ನು ಒಂದೊಂದು ಬದಿಗೆ ಸುಮಾರು 1.4 ಮಿ.ಮೀ. ಹೊರಗೆ ತಳ್ಳಿದರೆ ಬೋಗಿಯ ಅಗಲ ನಮ್ಮದಕ್ಕೆ ಹೊಂದುತ್ತದೆ. ಪ್ಲಾಸ್ಟಿಕ್ ಪಟ್ಟಿ ಇಟ್ಟು ಹಾಗೆ ತಳ್ಳಿ, ಬ್ರೇಕ್ ಕಟ್ಟೆಗಳ ಒಳಮೈಯನ್ನು ಅರದಿಂದ ತುಸು ಉಜ್ಜಿದ ಕೂಡಲೇ ಗಾಲಿಗಳು ಸಲೀಸಾಗಿ ತಿರುಗಿದವು. ಮಾದರಿಯ ಹಳಿಗಳ ಅಂತರ ಅಮೆರಿಕದ ಅಳತೆಗೆ ಹೊಂದುವ 16.5 ಮಿ.ಮೀ.ಯೇ ಆದ್ದರಿಂದ ಎದುರಿನಿಂದ ನೋಡಿದರೆ ಗಾಲಿಗಳು ಒಳಗೆ ಸೇರಿಕೊಂಡಂತೆ ಕಾಣುತ್ತವೆ. ಈ ಕೊರತೆ ಮೂರರಲ್ಲೂ ಇದೆ.

ಎಳೆಯುವ ಶಕ್ತಿಯಲ್ಲಿ ಆರ್‌ಎಸ್‌ಡಿ-5 ಹಿಂದೆ ಬಿತ್ತು, ಏಳೇ ಡಬ್ಬಿ. ಹುಡ್ಡಿನೊಳಗೆ ಸೀಸದ ತುಂಡುಗಳನ್ನು ಅಂಟಿಸಿದ ಮೇಲೆ ಎಂಟಕ್ಕೇರಿತು. ಓಟವೇ ಮುಖ್ಯವೆನ್ನುವವರು, ಹಣದ ಮಿತಿಯಿರುವವರು ಎಸ್‌ಡಿ9ರ ಷಾಸಿಯನ್ನು ನಿಶ್ಚಿಂತೆಯಿಂದ ಆರಿಸಬಹುದು. ಟ್ರೇನ್ ಮಾಸ್ಟರಿನ ಷಾಸಿಯನ್ನು ಕತ್ತರಿಸುವ ಕೆಲಸವನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ನನ್ನ ಮಾದರಿ ಈಗ ಆರ್‌ಎಸ್‌ಡಿ-5ರ ಮೇಲೆಯೇ ಖಾಯಂ ಆಗಿ ಕೂತಿದೆ. ಹಿತ್ತಾಳೆಯ ಬಫರುಗಳನ್ನು (ತುದಿಯಲ್ಲಿ ಧಕ್ಕೆ ತಡೆಯುವ ಗುಂಡು ತಟ್ಟೆಗಳನ್ನು) ಕಡೆದು ಕೂರಿಸಿ, ಬಣ್ಣ ಬಳಿಯುವುದಷ್ಟೇ ಬಾಕಿ.