ಟ್ರಿಪೆಲ್‌ಗೆ ಯಾವ ಯೀಸ್ಟ್: ಪೊಟ್ಟಣದ್ದಾ, ದ್ರವದ್ದಾ, ಬಾಟಲಿ ತಳದ್ದಾ?

ಮನೆಯಲ್ಲಿ ಬೆಲ್ಜಿಯನ್ ಬಿಯರ್ ಮಾಡಲು ಹೊರಟವರು ಮೊದಲು ತಲೆ ಕೆಡಿಸಿಕೊಳ್ಳುವುದು ಸಕ್ಕರೆ ಬಗ್ಗೆ. ದುಬಾರಿ ಕ್ಯಾಂಡಿ ಸಕ್ಕರೆಯೇ (ಕಲ್ಲುಸಕ್ಕರೆಯಂಥದ್ದು) ಬೇಕಾ ಅಂತ. ಟ್ರಿಪೆಲ್‌ಗೆ, ಅಂದರೆ ಹೊಂಬಣ್ಣದ ಖಡಕ್ ಬೆಲ್ಜಿಯನ್ ಬಿಯರ್‌ಗೆ, ಬೇಡ. ಬಿಳಿ ಕ್ಯಾಂಡಿ ಹರಳೂ ಸುಕ್ರೋಸೇ, ಅಡುಗೆಮನೆಯ ಸಕ್ಕರೆಯೂ ಸುಕ್ರೋಸೇ. ಆ ದುಡ್ಡನ್ನು ಯೀಸ್ಟಿಗೆ ಇಡಿ. ಕುಡಿಯುವಾಗ ಬರುವ ಲವಂಗದ ವಾಸನೆ, ಬಾಳೆಹಣ್ಣಿನ ಘಮ ಎಲ್ಲ ಯೀಸ್ಟೇ ಮಾಡಿದ್ದು.

ನಾನಿರುವುದು ಬೆಲ್ಜಿಯಂನ ಲೂವೆನ್‌ನಲ್ಲಿ. ಮಾರದೆ ಸ್ವಂತಕ್ಕೆ ಮಾಡಿಕೊಂಡರೆ ಇಲ್ಲಿ ಯಾರದ್ದೂ ತಕರಾರಿಲ್ಲ. (ಬೆಂಗಳೂರಿನ ಗೆಳೆಯರು ಆಗಾಗ ಕೇಳುತ್ತಾರೆ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಬಿಯರ್ ಮಾಡುವ ಹಾಗಿಲ್ಲ.)

ಹೋಲಿಸಲು ಒಂದೇ ಸಲ ಕುದಿಸಿದ ವರ್ಟನ್ನು (ಯೀಸ್ಟ್ ಹಾಕುವ ಮೊದಲಿನ ಸಿಹಿ ಮಾಲ್ಟ್ ರಸ) ಮೂರು ಬಕೆಟ್‌ಗೆ ಹಂಚಿದೆ. ಪಿಲ್ಸ್ನರ್ ಮಾಲ್ಟ್ (ತಿಳಿಬಣ್ಣದ ಮೊಳಕೆ ಬಾರ್ಲಿ), ಸುಮಾರು 15% ಸಕ್ಕರೆ, ಸ್ಟೈರಿಯನ್ ಗೋಲ್ಡಿಂಗ್ಸ್ ಮತ್ತು ಸಾಜ್ ಹಾಪ್ಸ್ (ಕಹಿ ಕೊಡುವ ಹೂವು). ಶುರುವಿನ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಯೀಸ್ಟ್ ಸಕ್ಕರೆ ತಿಂದಷ್ಟೂ ಇಳಿಯುತ್ತದೆ) 1.080. ಅಳತೆಗೋಲು ವೆಸ್ಟ್‌ಮಾಲೆ ಟ್ರಿಪೆಲ್. 1934ರಿಂದ ವೆಸ್ಟ್‌ಮಾಲೆಯ ಕ್ರೈಸ್ತ ಮಠದವರು ಮಾಡುತ್ತಿರುವ, 9.5% ಆಲ್ಕೊಹಾಲ್ ಇದ್ದರೂ ನಾಲಿಗೆಗೆ ಹಗುರವಾಗಿರುವ ಬಿಯರ್.

ಒಂದನೇ ಬಕೆಟ್‌ಗೆ ಒಣ ಯೀಸ್ಟ್, ಲಾಲ್‌ಬ್ರೂ ಅಬ್ಬೆ. 11 ಗ್ರಾಂ ಪೊಟ್ಟಣ ಹರಿದು ಸುರಿದರೆ ಮುಗಿಯಿತು, ಬೇರೆ ತಯಾರಿ ಬೇಕಿಲ್ಲ. ಬೆಳಗಾಗುವಷ್ಟರಲ್ಲಿ ಕೆಲಸ ಶುರು ಮಾಡಿತ್ತು. ಆದರೆ 1.015ಕ್ಕೆ ನಿಂತುಬಿಟ್ಟಿತು. ಕೆಟ್ಟ ಬಿಯರ್ ಅಲ್ಲ. ಬಾಳೆಹಣ್ಣು ಜಾಸ್ತಿ, ಲವಂಗ ಕಮ್ಮಿ, ಕೊನೆಯಲ್ಲಿ ಸ್ವಲ್ಪ ಸಿಹಿ ಉಳಿಯುತ್ತದೆ. ಎರಡನೇ ಗ್ಲಾಸ್ ಬೇಕು ಅನ್ನಿಸುವುದಿಲ್ಲ. ಟ್ರಿಪೆಲ್‌ಗೆ ಅದೇ ದೊಡ್ಡ ಕೊರತೆ.

ಎರಡನೆಯದು ವೈಯೀಸ್ಟ್ 3787, ದ್ರವ ಯೀಸ್ಟ್. ವೆಸ್ಟ್‌ಮಾಲೆ ತಳಿ ಅಂತಲೇ ಹೆಸರಾದದ್ದು. ಬೆಲೆ ಒಣ ಪೊಟ್ಟಣದ ದುಪ್ಪಟ್ಟಿಗೂ ಮೇಲೆ. ತಂಪಾಗಿಯೇ ತರಬೇಕು, ಮೊದಲೇ ಸ್ಟಾರ್ಟರ್ ಮಾಡಿಕೊಳ್ಳಬೇಕು, ಅಂದರೆ ಸ್ವಲ್ಪ ವರ್ಟ್‌ನಲ್ಲಿ ಯೀಸ್ಟನ್ನು ಬೆಳೆಸಿಕೊಳ್ಳಬೇಕು. ಇದರ ನೊರೆಯಂತೂ ಉಕ್ಕುವ ಹಾಲಿನ ಹಾಗೆ, ಮುಚ್ಚಳ ತಳ್ಳಿಕೊಂಡು ಬರುತ್ತದೆ. ಸಾದಾ ಏರ್‌ಲಾಕ್ (ಒಳಗಿನ ಗಾಳಿ ಹೊರಬಿಟ್ಟು ಹೊರಗಿನದನ್ನು ತಡೆಯುವ ಪುಟ್ಟ ಕೊಳವೆ) ಸಾಲದು, ದಪ್ಪ ಪೈಪನ್ನು ನೀರಿನ ಪಾತ್ರೆಗೆ ಇಳಿಸಿ ಇಡಿ. 1.010ಕ್ಕೆ ಇಳಿಯಿತು. ಅಂದರೆ 9%ಕ್ಕೆ ತುಸು ಮೇಲೆ. ಒಣಗಿದ ಮುಕ್ತಾಯ, ಹದವಾದ ಲವಂಗ, ಹಿಂದೆ ಪೇರಳೆಯಂಥ ಹಣ್ಣಿನ ಘಮ. ಎಲ್ಲೂ ತಪ್ಪು ಹುಡುಕಲಾಗಲಿಲ್ಲ.

ಮೂರನೆಯದು ನನಗೆ ಇಷ್ಟವಾದದ್ದು. ವೆಸ್ಟ್‌ಮಾಲೆ ಬಾಟಲಿಯೊಳಗೇ ಮತ್ತೊಮ್ಮೆ ಹುದುಗುವ ಬಿಯರ್. ತಳದಲ್ಲಿ ಜೀವಂತ ಯೀಸ್ಟ್ ಕೂತಿರುತ್ತದೆ. ಇಲ್ಲಿ ಬಾಟಲಿಗೆ ಎರಡು ಯೂರೋ ಆಸುಪಾಸು, ಮೇಲಿನ ಬಿಯರ್ ಕುಡಿಯಲು ಸಿಗುತ್ತದೆ ಬೇರೆ! ಆದರೆ ಗಸಿಯನ್ನು ಟ್ರಿಪೆಲ್‌ನಿಂದ ತೆಗೆಯಬೇಡಿ, ಅದೇ ಮಠದ ಕಂದು ಬಿಯರ್ ಡಬೆಲ್‌ನಿಂದ ತೆಗೆಯಿರಿ. ಡಬೆಲ್ 7% ಮಾತ್ರ. 9.5% ಆಲ್ಕೊಹಾಲ್‌ನಲ್ಲಿ ಕೂತ ಯೀಸ್ಟ್ ಅದಕ್ಕಿಂತ ಜಾಸ್ತಿ ಸುಸ್ತಾಗಿರುತ್ತದೆ. ಬಾಟಲಿ ಹೊಸದಾಗಿದ್ದಷ್ಟೂ ಒಳ್ಳೆಯದು.

ಕೊನೆಯ ಒಂದು ಬೆರಳಷ್ಟು ಬಿಯರ್ ಉಳಿಸಿ, ಬಾಟಲಿ ಬಾಯಿಗೆ ಬೆಂಕಿ ತೋರಿಸಿ, ಗಸಿ ಕದಡಿ, ಕುದಿಸಿ ಆರಿಸಿದ ತೆಳು ವರ್ಟ್‌ಗೆ ಹಾಕಬೇಕು. ವರ್ಟ್ 1.020ರ ಹತ್ತಿರ ಇರಲಿ. ಮೊದಲು 100 ಮಿಲಿ ಸಾಕು. ಆಮೇಲೆ ಅರ್ಧ ಲೀಟರ್, ಆಮೇಲೆ ಒಂದೂವರೆ ಲೀಟರ್. ಪ್ರತಿ ಹಂತದಲ್ಲೂ ಮೂಸಿ ನೋಡಿ. ಹುಳಿ ವಾಸನೆ ಬಂದರೆ ಚೆಲ್ಲಿ, ಕನಿಕರ ಬೇಡ. ಇದಕ್ಕೆ ಒಂದು ವಾರ ಮೊದಲೇ ಕೈಹಾಕಬೇಕು. ಆತುರದವರಿಗೆ ಇದು ಹೇಳಿದ್ದಲ್ಲ.

ಫಲ: 1.011. ದ್ರವ ಯೀಸ್ಟಿನ ಬಿಯರ್‌ಗೂ ಇದಕ್ಕೂ ಕಣ್ಣುಮುಚ್ಚಿ ಕುಡಿದರೆ ವ್ಯತ್ಯಾಸ ಕೂದಲೆಳೆಯಷ್ಟು. ಬಾಟಲಿಯದರಲ್ಲಿ ಮೆಣಸಿನ ಚುರುಕು ಸ್ವಲ್ಪ ಮುಂದಿತ್ತು. ನನಗೆ ಅದೇ ಗೆದ್ದಿತು. ಮನೆಗೆ ಬಂದವರಲ್ಲಿ ಹೆಚ್ಚಿನವರು 3787 ಅಂದರು. ನಾನು ಒಪ್ಪಲಿಲ್ಲ.

ಯೀಸ್ಟಿನಷ್ಟೇ ಕೆಲಸ ಬಿಸಿಯೂ ಮಾಡುತ್ತದೆ. ವೆಸ್ಟ್‌ವ್ಲೆಟೆರೆನ್ ಮಠದವರು ತರುವುದು ವೆಸ್ಟ್‌ಮಾಲೆ ಯೀಸ್ಟನ್ನೇ. ವೆಸ್ಟ್‌ಮಾಲೆಯವರು 20 ಡಿಗ್ರಿ ಹತ್ತಿರ ಹಿಡಿದಿಡುತ್ತಾರೆ, ವೆಸ್ಟ್‌ವ್ಲೆಟೆರೆನ್‌ನವರು 28ರವರೆಗೂ ಏರಲು ಬಿಡುತ್ತಾರೆ. ಬಿಯರ್‌ಗಳು ಬೇರೆಯೇ ಆಗುತ್ತವೆ. ನಾನು ಮೂರು ಬಕೆಟ್‌ಗೂ 18ಕ್ಕೆ ಯೀಸ್ಟ್ ಹಾಕಿ, ಮೆಲ್ಲಗೆ 22ಕ್ಕೆ ಏರಿಸಿದೆ. ಮೊದಲ ಎರಡು ದಿನ ಬಿಸಿ ಏರಿದರೆ ಪೇಂಟ್ ಥಿನ್ನರ್‌ನಂಥ ಸಾಲ್ವೆಂಟ್ ವಾಸನೆ ಬರುತ್ತದೆ. ಬಿಸಿ ಹಿಡಿತದಲ್ಲಿಡಲು ಆಗದಿದ್ದರೆ ಪೊಟ್ಟಣದಲ್ಲೇ ಕಲಿಯಿರಿ. ಕೋಣೆಯೇ ಸೆಖೆಯಾಗಿದ್ದರೆ ದುಬಾರಿ ಯೀಸ್ಟ್ ತಂದು ಏನು ಲಾಭ, ಅಲ್ವಾ?

ಗಸಿ ತೆಗೆಯುವ ಆಟ ರುಚಿ ಹತ್ತಿದ ಮೇಲೆ ಎಲ್ಲ ಬಾಟಲಿಗೂ ಕೈಹಾಕಬೇಡಿ. ಕೆಲವು ಬ್ರೂವರಿಗಳು ಬಾಟಲಿಗೆ ಬೇರೆಯೇ ಯೀಸ್ಟ್ ಹಾಕುತ್ತವೆ. ಇನ್ನೊಂದು ಬೆಲ್ಜಿಯನ್ ಮಠದ ಬಿಯರ್ ಒರ್ವಲ್‌ನಲ್ಲಂತೂ ಬ್ರೆಟ್ (ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟ್) ಇರುತ್ತದೆ. ಅದು ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಕೂತರೆ ಮುಂದಿನ ಬಿಯರ್‌ಗೂ ದಾಟಿಕೊಳ್ಳುತ್ತದೆ. ಬ್ರೆಟ್ ಬೇಕೇ ಬೇಕಿದ್ದರೆ ಅದಕ್ಕೇ ಬೇರೆ ಬಕೆಟ್, ಬೇರೆ ಪೈಪ್ ಇಡಿ.