ಮುದಿ ಮುಧೋಳ ನಾಯಿಗೆ ಯಾವ ಊಟ? ರೊಟ್ಟಿ-ಹಾಲು, ಚಿಕನ್ ನುಚ್ಚು, ಪೌಚ್, ಡ್ರೈ ಫುಡ್

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಡ್ರೈ ಫುಡ್‌ಗೆ, ಅಂದರೆ ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಒಣ ಕಾಳಿನ ಊಟಕ್ಕೆ. ಅದೂ 3 ಕೆಜಿಯ ಸಣ್ಣ ಚೀಲಕ್ಕೆ, ಬೆಚ್ಚಗಿನ ನೀರಲ್ಲಿ ನೆನೆಸಿ. ಬಾಗಲಕೋಟೆಯಲ್ಲಿ ಕೂತು ಹೀಗೆ ಬರೆದರೆ ಬೈಸಿಕೊಳ್ಳುವುದು ಗ್ಯಾರಂಟಿ. ಮುಧೋಳ ನಮ್ಮ ಜಿಲ್ಲೆಯದೇ ಊರು. ರೊಟ್ಟಿ ತಿಂದು ಮೊಲ ಹಿಡಿದ ನಾಯಿಯ ಕಥೆ ಇಲ್ಲಿ ಪ್ರತಿ ಮನೆಯಲ್ಲೂ ಒಂದಿದೆ. ಆದರೆ ಆ ಕಥೆಗಳ ನಾಯಿಗಳೆಲ್ಲ ಪ್ರಾಯದವು. ನಮ್ಮ ಭೈರನಿಗೆ 11 ವರ್ಷ. ತೂಕ 22 ಕೆಜಿ, ದವಡೆ ಹಲ್ಲು ಸವೆದಿವೆ.

ಮನೆಗೆ ಬಂದವರು ಅವನ ಪಕ್ಕೆಲುಬು ನೋಡಿ, "ಏನ್ರೀ, ನಾಯಿಗೆ ಕೂಳ ಹಾಕೂದಿಲ್ಲೇನು?" ಅನ್ನುತ್ತಾರೆ. ಮುಧೋಳ ನಾಯಿ ಇರುವುದೇ ಹಾಗೆ, ತೆಳ್ಳಗೆ. ನೋಡಬೇಕಾದ್ದು ತೊಡೆ. ಭೈರನ ಹಿಂಗಾಲಿನ ತೊಡೆ ಹಿಡಿದರೆ ಮೊದಲು ಗಟ್ಟಿ ಮಾಂಸ ಸಿಗುತ್ತಿತ್ತು, ಈಗ ಕೈ ನೇರವಾಗಿ ಎಲುಬಿಗೇ ತಾಗುತ್ತದೆ. ವಯಸ್ಸಾದಂತೆ ಸ್ನಾಯು ಕರಗುತ್ತದೆ. ಅದಕ್ಕೇ ಕಿಡ್ನಿ ಚೆನ್ನಾಗಿರುವ ಮುದಿ ನಾಯಿಗೆ ಪ್ರೋಟೀನ್ ಕಡಿಮೆ ಮಾಡಬಾರದು. "ವಯಸ್ಸಾಯ್ತು, ಹಗುರ ಊಟ ಸಾಕು" ಅನ್ನುವುದು ಮನುಷ್ಯರ ಲೆಕ್ಕ.

ರೊಟ್ಟಿ-ಹಾಲು ಸೋಲುವುದು ಇಲ್ಲೇ. ಜೋಳದಲ್ಲಿ ಪ್ರೋಟೀನ್ ನೂರಕ್ಕೆ ಹತ್ತರಷ್ಟು. ಬೆಳೆದ ನಾಯಿಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿ ಶುರುವಾಗುತ್ತದೆ. ಭೈರನಿಗೂ ಆಯಿತು. ಅಂಗಳ ತೊಳೆದವನು ನಾನೇ, ಹಾಗಾಗಿ ಇದರ ಬಗ್ಗೆ ಇಷ್ಟೇ ಸಾಕು.

ಮನೆಯಲ್ಲಿ ಬೇಯಿಸಿದ ಚಿಕನ್, ಜೋಳದ ನುಚ್ಚು, ಕುಂಬಳಕಾಯಿ. ರುಚಿಯಲ್ಲಿ ಇದನ್ನು ಯಾವುದೂ ಮೀರಿಸುವುದಿಲ್ಲ. ಆದರೆ ನಮ್ಮ ಅಡುಗೆಮನೆಯೊಳಗೆ ಮಾಂಸ ಬರುವ ಹಾಗಿಲ್ಲ. "ನಿನ್ನ ನಾಯಿ ಸಲುವಾಗಿ ನನ್ನ ಒಲಿ ಮುಟ್ಟಬ್ಯಾಡ" ಅಂತ ಅವ್ವ ಖಡಕ್ಕಾಗಿ ಹೇಳಿಬಿಟ್ಟಳು. ಹಿತ್ತಿಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ಬೆಳಿಗ್ಗೆ ಡ್ಯೂಟಿಗೆ ಓಡುವ ಹೊತ್ತಲ್ಲಿ ಎಲುಬು ಬಿಡಿಸುತ್ತ ಕೂರಬೇಕು, ಬೇಯಿಸಿದ ಎಲುಬು ಸೀಳಿ ಗಂಟಲಿಗೆ ಚುಚ್ಚುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಸೋಕಿಸಬಾರದು, ನಾಯಿಯ ರಕ್ತಕ್ಕೆ ಅವು ವಿಷ. ಇಷ್ಟೆಲ್ಲ ಮಾಡಿದರೂ ಕ್ಯಾಲ್ಸಿಯಂ ಸಾಲುವುದಿಲ್ಲ. ಮಾಂಸದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಕ್ಯಾಲ್ಸಿಯಂ ಹೆಸರಿಗೆ ಮಾತ್ರ. ನಾಯಿಗೆ ರಂಜಕಕ್ಕಿಂತ ಕ್ಯಾಲ್ಸಿಯಂ ತುಸು ಜಾಸ್ತಿಯೇ ಬೇಕು. ಮೊಟ್ಟೆ ಸಿಪ್ಪೆಯನ್ನು ನುಣ್ಣಗೆ ಪುಡಿ ಮಾಡಿ ಹಾಕಬಹುದು, ಒಂದು ಟೀ ಚಮಚದಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ನಮ್ಮ ಭೈರ ಮೂಗಿನಿಂದ ನುಚ್ಚು ಸರಿಸಿ ಚಿಕನ್ ಚೂರಷ್ಟೇ ಆರಿಸಿ ತಿನ್ನುತ್ತಾನೆ. ಪುಡಿ ನುಚ್ಚಲ್ಲೇ ಉಳಿಯುತ್ತದೆ.

ಗ್ರೇವಿ ಪೌಚ್, ಅಂದರೆ ರಸದ ಊಟದ ಸಣ್ಣ ಪ್ಯಾಕೆಟ್: ಮುಕ್ಕಾಲು ಪಾಲು ನೀರು. ಈ ಗಾತ್ರದ ನಾಯಿಗೆ ದಿನಕ್ಕೆ ಎಂಟು ಹತ್ತು ಪೌಚ್ ಬೇಕು. ನನ್ನ ಸಂಬಳಕ್ಕೆ ಆಗದ ಮಾತು.

ಇನ್ನು ಡ್ರೈ ಫುಡ್. ಪೂರ್ತಿ ಊಟ ಎಂದು ಬರೆದ ಚೀಲವಾದರೆ ಪ್ರೋಟೀನ್, ಕ್ಯಾಲ್ಸಿಯಂ ಲೆಕ್ಕ ಹಾಕಿಯೇ ಕೊಟ್ಟಿರುತ್ತಾರೆ, ಅಳೆದು ಹಾಕಿದರಾಯಿತು. ಭೈರನಿಗೆ ದಿನಕ್ಕೆ 250 ಗ್ರಾಂ, ಎರಡು ಹೊತ್ತಿಗೆ. ಹಾಕುವ ಮುಂಚೆ ಇಪ್ಪತ್ತು ನಿಮಿಷ ನೆನೆಸಿದರೆ ಸವೆದ ಹಲ್ಲಿಗೂ ಕಷ್ಟವಿಲ್ಲ. ಚೀಲದ ಮೇಲಿನ 'ಸೀನಿಯರ್' ಪದಕ್ಕೆ ಮಾತ್ರ ಮರುಳಾಗಬೇಡಿ. ಕಂಪನಿಗಳು ಹೆಸರು ಹೇಳುವ ಅಮೆರಿಕದ ಆಫ್ಕೊ (AAFCO, ಪ್ರಾಣಿಗಳ ಆಹಾರಕ್ಕೆ ಮಾನದಂಡ ಬರೆಯುವ ಸಂಸ್ಥೆ) ಮಾನದಂಡದಲ್ಲಿ ಬೆಳೆಯುವ ಮರಿಗೆ ಒಂದು, ಬೆಳೆದ ನಾಯಿಗೆ ಒಂದು ಪಟ್ಟಿ ಇದೆ. ಮುದಿ ನಾಯಿಗೆ ಬೇರೆ ಪಟ್ಟಿಯೇ ಇಲ್ಲ. ಚೀಲದ ಹಿಂದೆ ಪ್ರೋಟೀನ್ ಎಷ್ಟಿದೆ ಅಂತ ಓದಿ.

ತಲೆ ತಿಂದದ್ದು 10 ಕೆಜಿ ಚೀಲ. ಡಿಸ್ಕೌಂಟ್ ಇತ್ತು, ಕೆಜಿಗೆ ಲೆಕ್ಕ ಹಾಕಿದರೆ ಲಾಭವೇ. ದಿನಕ್ಕೆ 250 ಗ್ರಾಂ ಅಂದರೆ 40 ದಿನ ಬರುತ್ತದೆ. ಆದರೆ ಅದು ಏಪ್ರಿಲ್ ತಿಂಗಳು. ನವನಗರದ ಮನೆಯ ಸ್ಲ್ಯಾಬು ರಾತ್ರಿ ಹತ್ತಕ್ಕೂ ಕಾದ ಹಂಚಿನ ಹಾಗಿರುತ್ತದೆ. ಚೀಲಕ್ಕೆ ಜಿಪ್ ಇಲ್ಲ, ಬಾಯಿ ಮಡಚಿ ಬಟ್ಟೆ ಕ್ಲಿಪ್ ಹಾಕಿದ್ದೆ. ಚೀಲ ಅರ್ಧಕ್ಕೆ ಬರುವ ಮೊದಲೇ ಭೈರ ತಟ್ಟೆ ಮೂಸಿ ಮುಖ ತಿರುಗಿಸತೊಡಗಿದ. ಮೊಸರು ಕಲಸಿದೆವು, ಮೊಸರು ನೆಕ್ಕಿ ಕಾಳು ಬಿಟ್ಟ. ಹಲ್ಲು ನೋವೇನೋ ಅಂತ ಡಾಕ್ಟರ ಹತ್ತಿರ ಕರೆದೊಯ್ದರೆ, ಅವರು ಬಾಯಿ ನೋಡಿ, "ಒಂದು ಹಿಡಿ ಫುಡ್ ತಂದು ತೋರಿಸಿ" ಅಂದರು. ಮೂಗಿನ ಹತ್ತಿರ ಹಿಡಿದ ಕೂಡಲೇ ಗೊತ್ತಾಯಿತು, ಹಳೇ ಶೇಂಗಾ ಎಣ್ಣೆಯ ಕಮಟು.

ವಾಸನೆ, ರುಚಿಗೆಂದು ಈ ಕಾಳುಗಳ ಮೇಲೆ ಕೊಬ್ಬು ಸವರಿರುತ್ತಾರೆ. ಚೀಲ ಒಡೆದ ಮೇಲೆ ಗಾಳಿ, ಸೆಕೆ ತಾಗಿ ಅದು ಕಮಟುತ್ತದೆ, ವಿಟಮಿನ್ನೂ ಹೋಗುತ್ತದೆ. ಚೀಲದ ಮೇಲಿನ ಎಕ್ಸ್‌ಪೈರಿ ತಾರೀಖು ಒಡೆಯದ ಚೀಲಕ್ಕಷ್ಟೇ. ಸ್ಟೀಲ್ ಡಬ್ಬಿಗೆ ಸುರಿಯುವುದೂ ಸರಿಯಲ್ಲ, ಡಬ್ಬಿಯ ಗೋಡೆಗೆ ಅಂಟಿದ ಹಳೇ ಜಿಡ್ಡು ಹೊಸದನ್ನೂ ಕೆಡಿಸುತ್ತದೆ. ಚೀಲವನ್ನೇ ಮಡಚಿ ಡಬ್ಬಿಯೊಳಗೆ ಇಡಬೇಕು. ಇರುವೆಯ ಕಾಟವೂ ತಪ್ಪುತ್ತದೆ. ಅಂಗಡಿಯಲ್ಲಿ ಲೂಸ್ ಆಗಿ ತೂಗಿ ಕೊಡುವುದಂತೂ ಬೇಡವೇ ಬೇಡ. ಅದಕ್ಕೆ ತಾರೀಖೂ ಇಲ್ಲ, ಆ ಮೂಟೆ ಯಾವಾಗ ಒಡೆದದ್ದೋ ಯಾರಿಗೆ ಗೊತ್ತು?

3 ಕೆಜಿ ಚೀಲ ಕೆಜಿಗೆ ಜಾಸ್ತಿ ಬೀಳುತ್ತದೆ, ನಿಜ. ಆದರೆ 12 ದಿನಕ್ಕೆ ಖಾಲಿ, ಕಮಟಲು ಪುರುಸೊತ್ತೇ ಇಲ್ಲ. ದಿನಕ್ಕೆ 100 ರೂಪಾಯಿ ನನ್ನ ಮಿತಿ, ಅದರೊಳಗೇ ಮುಗಿಯುತ್ತದೆ. ನೆನೆಸಿದ್ದು ಮಿಕ್ಕರೆ ಎಸೆಯಿರಿ, ಈ ಸೆಕೆಗೆ ಬೇಗ ಹುಳಿ ಬರುತ್ತದೆ. ಹೊಸ ಫುಡ್ಡಿಗೆ ಒಮ್ಮೆಲೇ ಬದಲಾಯಿಸಬೇಡಿ, ಒಂದು ವಾರ ಹಳೆಯದರ ಜೊತೆ ಬೆರೆಸುತ್ತ ಬನ್ನಿ.

ನಾಯಿ ಜಾಸ್ತಿ ನೀರು ಕುಡಿದು ಜಾಸ್ತಿ ಉಚ್ಚೆ ಹೊಯ್ಯುತ್ತಿದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಕಿಡ್ನಿ ತೊಂದರೆ ಬಂದರೆ ರಂಜಕ ಕಡಿಮೆ ಇರುವ ಬೇರೆಯೇ ಫುಡ್ ಬೇಕು, ಸೀನಿಯರ್ ಚೀಲ ಅದಕ್ಕೆ ಬದಲಿಯಲ್ಲ. ತೋಟದ ಮನೆಯಲ್ಲಿ ಎರಡು ಮೂರು ನಾಯಿ ಸಾಕಿದವರಿಗೆ, ಹೊರಗೇ ಒಲೆ ಇದ್ದವರಿಗೆ ನನ್ನ ಲೆಕ್ಕ ಕೂಡುವುದಿಲ್ಲ. ಅವರಿಗೆ ಚಿಕನ್ ನುಚ್ಚೇ ಸಲೀಸು. ಕ್ಯಾಲ್ಸಿಯಂ ಎಷ್ಟು ಹಾಕಬೇಕು ಅಂತ ಮಾತ್ರ ನಾಯಿಯ ತೂಕ ಹೇಳಿ ಡಾಕ್ಟರಿಂದ ಬರೆಸಿಕೊಳ್ಳಿ.