ಲೆದರ್ ಬ್ಯಾಗ್ ಕ್ಲೀನಿಂಗ್‌ಗೆ ಕೊಡುವ ಮುಂಚೆ ಇದನ್ನು ಓದಿ: ದಾವಣಗೆರೆಯಲ್ಲಿ ನಮಗಾದದ್ದು

ದಾವಣಗೆರೆಯಲ್ಲಿ ಯಾರಾದರೂ ಲೆದರ್ ಬ್ಯಾಗ್ ಕ್ಲೀನ್ ಮಾಡಿಸಬೇಕು ಅಂತ ಯೋಚಿಸುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಮದುವೆ ಸೀಸನ್ ಶುರುವಾಗಿದೆ. ಬೀರುವಿನೊಳಗಿದ್ದ ಒಳ್ಳೆ ಬ್ಯಾಗ್‌ಗಳೆಲ್ಲ ಹೊರಗೆ ಬರುವ ಸಮಯ. ಬ್ಯಾಗ್ ಯಾವ ಥರದ ಲೆದರ್ ಅಂತ ನೋಡದೆ, ಒಂದು ಮಾತೂ ಕೇಳದೆ ಇಸ್ಕೊಂಡು ಒಳಗಿಡುವ ಅಂಗಡಿಗೆ ಮಾತ್ರ ಕೊಡಬೇಡಿ. ನಮ್ಮ ಅಮ್ಮನ ಬ್ಯಾಗ್ ಹಾಗೇ ಹಾಳಾಯಿತು. ಅದರ ಜೊತೆಗೆ ಒಂದು ರೇಷ್ಮೆ ಸೀರೆಯೂ ಹೋಯಿತು.

ಅಮ್ಮ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದವರು. ನಿವೃತ್ತಿಯಾದಾಗ ನಾವು ಮಕ್ಕಳೆಲ್ಲ ಸೇರಿ ಬೆಂಗಳೂರಿನಿಂದ ಆ ಬ್ಯಾಗ್ ತಂದುಕೊಟ್ಟಿದ್ದೆವು. ತಿಳಿ ಕಂದು ಬಣ್ಣ. ಜಾಸ್ತಿ ಹೊಳಪಿಲ್ಲ, ಮುಟ್ಟಿದರೆ ಮೆತ್ತಗೆ. ಬಳಸುತ್ತಾ ಹೋದಂತೆ ಬಣ್ಣ ಇನ್ನೂ ಚೆನ್ನಾಗಿ ಮಾಗಿತ್ತು. ಅಮ್ಮ ಅದನ್ನು ದಿನಾ ತೆಗೆಯುತ್ತಿರಲಿಲ್ಲ. ಮದುವೆ, ಗೃಹಪ್ರವೇಶ, ಹಳೆ ಟೀಚರ್‌ಗಳೆಲ್ಲ ಸೇರುವ ದಿನ, ಅಷ್ಟೇ. ಒಂದು ಭಾನುವಾರ ಬೆಣ್ಣೆ ದೋಸೆ ತಿನ್ನಲು ಹೋದಾಗ ಮುಚ್ಚಳದ ಮೇಲೆ ಬೆಣ್ಣೆ ತಾಗಿ ರೂಪಾಯಿ ಅಗಲದ ಕಲೆಯಾಯಿತು. ನಮ್ಮೂರಿನ ದೋಸೆ ಹೋಟೆಲುಗಳಲ್ಲಿ ಟೇಬಲ್ಲಿಗೂ ಬೆಣ್ಣೆ ಹತ್ತಿರುತ್ತದೆ, ಗೊತ್ತಲ್ವಾ. ಆ ಒಂದು ಕಲೆ ತೆಗೆಸಲು ಹೋಗಿದ್ದು ನಾವು.

ಅಂಗಡಿಯ ಹೆಸರು, ಬೀದಿ ಯಾವುದನ್ನೂ ಬರೆಯುತ್ತಿಲ್ಲ. ದೂರಿನ ವಿಷಯ ಇನ್ನೂ ಮುಗಿದಿಲ್ಲ. ಹೊರಗೆ ದೊಡ್ಡ ಬೋರ್ಡ್ ಇತ್ತು. ಶೂ, ಜಾಕೆಟ್, ಲೆದರ್ ಬ್ಯಾಗ್, ಎಲ್ಲಕ್ಕೂ ಡ್ರೈ ಕ್ಲೀನಿಂಗ್ ಅಂತ. ಕೌಂಟರಿನಲ್ಲಿದ್ದವರಿಗೆ ನಾನು ಬಿಡಿಸಿ ಹೇಳಿದೆ. "ಇದು ಒರಿಜಿನಲ್ ಲೆದರ್. ಈ ಕಲೆ ಒಂದೇ ತೆಗೀಬೇಕು, ಬಣ್ಣ ಹೋಗಬಾರದು." ಅವರು ಬ್ಯಾಗ್ ತಿರುಗಿಸಿಯೂ ನೋಡಲಿಲ್ಲ. "ಆಯ್ತು ಮೇಡಂ, ಹೊಸದರ ಥರ ಮಾಡಿ ಕೊಡ್ತೀವಿ" ಅಂತ ಚೀಟಿ ಹರಿದು ಕೊಟ್ಟರು. 450 ರೂಪಾಯಿ.

ಹೇಳಿದ ದಿನಕ್ಕೆ ಬ್ಯಾಗ್ ಸಿಕ್ಕಿತು. ಪಳಪಳ ಹೊಳೆಯುತ್ತಿತ್ತು. ಆದರೆ ಬಣ್ಣ ಮೊದಲಿಗಿಂತ ಗಾಢವಾಗಿತ್ತು. ಪೇಂಟ್ ಅಂಗಡಿಯ ಒಳಗೆ ನಿಂತರೆ ಬರುತ್ತದಲ್ಲ, ಆ ವಾಸನೆ ಬರುತ್ತಿತ್ತು. ಕೇಳಿದ್ದಕ್ಕೆ, "ಪಾಲಿಶ್ ವಾಸನೆ ಮೇಡಂ, ಗಾಳಿಗೆ ಇಟ್ಟರೆ ಹೋಗುತ್ತೆ" ಅಂದರು. ಕಲೆ ಕಾಣುತ್ತಿರಲಿಲ್ಲ. ಅಮ್ಮನಿಗೆ ಖುಷಿಯಾಯಿತು.

ಆಮೇಲೆ ಹರಿಹರದಲ್ಲಿ ಒಂದು ಮದುವೆ. ಅಮ್ಮ ಕೆನೆ ಬಣ್ಣದ ರೇಷ್ಮೆ ಸೀರೆ ಉಟ್ಟು, ಅದೇ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದರು. ಬಿಸಿಲು, ಕಲ್ಯಾಣ ಮಂಟಪದ ಸೆಕೆ, ಬೆವರು. ಊಟಕ್ಕೆ ಕೂರುವ ಹೊತ್ತಿಗೆ ಸೊಂಟದ ಪಕ್ಕ ಸೀರೆಗೆ ಉದ್ದಕ್ಕೆ ಕಂದು ಬಣ್ಣ ಹತ್ತಿತ್ತು. ಕೈಗೂ ಹತ್ತಿತ್ತು. ಅಮ್ಮ ಸೆರಗು ಮುಂದೆ ಎಳೆದುಕೊಂಡು, ಫೋಟೋಗೂ ಬಾರದೆ ಒಂದು ಮೂಲೆಯಲ್ಲಿ ಕೂತುಬಿಟ್ಟರು. ಬ್ಯಾಗಿನದು ಹೋಗಲಿ, ಅವರು ಹಾಗೆ ಕೂತಿದ್ದು ನನಗೆ ಈಗಲೂ ಸಂಕಟ. ಮುಂದೆ ಕೆಲವೇ ವಾರಗಳಲ್ಲಿ ಮುಚ್ಚಳ ಮಡಚುವ ಜಾಗದಲ್ಲಿ ಬ್ಯಾಗ್ ಬಿರಿಯಿತು. ಮೆತ್ತಗಿದ್ದ ಚರ್ಮ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಬೆಣ್ಣೆ ಕಲೆಯೂ ನಿಧಾನಕ್ಕೆ ಮತ್ತೆ ಮೇಲೆ ಕಾಣಿಸಿತು.

ಅಂಗಡಿಗೆ ಹೋಗಿ ತೋರಿಸಿದೆವು. ಮೊದಲು, ಬ್ಯಾಗೇ ಡೂಪ್ಲಿಕೇಟ್ ಅಂದರು. ಬಿಲ್ ತೋರಿಸಿದ ಮೇಲೆ, ಹಳೆ ಲೆದರ್ ಹಾಗೇ ಬಿರಿಯುತ್ತದೆ ಅಂದರು. ಅಲ್ಲೇ ಕೆಲಸ ಮಾಡುವ ಹುಡುಗ ಮಾತ್ರ ಇದ್ದದ್ದು ಹೇಳಿದ. "ಥಿನ್ನರ್‌ನಲ್ಲಿ ಒರೆಸಿ ಪಾಲಿಶ್ ಹೊಡೀತೀವಿ ಅಕ್ಕ, ಎಲ್ಲಾ ಬ್ಯಾಗಿಗೂ ಅದೇ." ಥಿನ್ನರ್ ಅಂದರೆ ಪೇಂಟ್ ತೆಳು ಮಾಡಲು ಬಳಸುವ ದ್ರವ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಯಾರೋ ಹೇಳಿಕೊಟ್ಟ ಕೆಲಸ ಮಾಡುತ್ತಿದ್ದಾನೆ. ಸಿಟ್ಟು ಇರುವುದು ಗೊತ್ತಿಲ್ಲದ ಕೆಲಸಕ್ಕೆ ಬೋರ್ಡ್ ಹಾಕಿ ದುಡ್ಡು ತಗೊಳ್ಳುವವರ ಮೇಲೆ.

ಏನಾಯಿತು ಅಂತ ನನಗೆ ಅರ್ಥವಾಗಿದ್ದು ಮಾರ್ಕೆಟ್ ಹತ್ತಿರ ಚಪ್ಪಲಿ ಹೊಲಿಯುವ ಒಬ್ಬ ಅಜ್ಜ ಬ್ಯಾಗ್ ಕೈಗೆ ತಗೊಂಡಾಗ. ಅವರು ಮಾಡಿದ ಮೊದಲ ಕೆಲಸ ಮೂಸಿ ನೋಡಿದ್ದು. ಆಮೇಲೆ ಒಳಗಡೆ, ಪಾಲಿಶ್ ಹತ್ತದ ಅಂಚನ್ನು ಉಗುರಿನಿಂದ ಒತ್ತಿ ನೋಡಿದರು. "ಇದು ತೊಗಟೆಯಾಗ ಹದ ಮಾಡಿದ ಚರ್ಮ ತಂಗಿ. ಇದಕ್ಕೆ ಥಿನ್ನರ್ ಹಾಕಿದ್ರೆ ಒಳಗಿನ ಎಣ್ಣಿ ಎಲ್ಲಾ ಹೋಗ್ತೈತಿ" ಅಂದರು. ಅಂಗಡಿಯವರು ಮಾಡದ ಪರೀಕ್ಷೆಯನ್ನು ಅಜ್ಜ ಅರ್ಧ ನಿಮಿಷದಲ್ಲಿ ಮುಗಿಸಿದ್ದರು.

ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. ಚರ್ಮವನ್ನು ಹದ ಮಾಡುವುದು ಮುಖ್ಯವಾಗಿ ಎರಡು ರೀತಿ. ಒಂದು ಕ್ರೋಮಿಯಂ ಲವಣದಿಂದ. ಈಗ ಪೇಟೆಯಲ್ಲಿ ಸಿಗುವ ಹೆಚ್ಚಿನ ಲೆದರ್ ಇದೇ. ಇನ್ನೊಂದು ತೊಗಟೆ, ಕಾಯಿಗಳ ಒಗರಿನಿಂದ. ನಮ್ಮ ಬಯಲುಸೀಮೆಯಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿ ಗಿಡದ ತೊಗಟೆ, ಅಳಲೆಕಾಯಿ, ಇವೆಲ್ಲ ಹಿಂದಿನಿಂದ ಚರ್ಮ ಹದ ಮಾಡಲು ಬಳಸಿದವೇ. ಯಾವ ರೀತಿಯಾದರೂ ಕೊನೆಗೆ ಚರ್ಮಕ್ಕೆ ಎಣ್ಣೆಯಂಶ ಊಡಿಸುತ್ತಾರೆ. ಅದು ಇರುವುದರಿಂದಲೇ ಒಳಗಿನ ನಾರುಗಳು ಒಂದರ ಮೇಲೊಂದು ಜಾರುತ್ತವೆ, ಬ್ಯಾಗ್ ಮೆತ್ತಗೆ ಮಡಚುತ್ತದೆ. ಥಿನ್ನರ್ ಆ ಎಣ್ಣೆಯನ್ನು ಕರಗಿಸಿ ಎಳೆದುಕೊಳ್ಳುತ್ತದೆ, ಮೇಲಿನ ಬಣ್ಣವನ್ನೂ ಎತ್ತುತ್ತದೆ. ಎಣ್ಣೆ ಹೋದ ನಾರು ಒಣಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಆಮೇಲೆ ಮಡಚಿದರೆ ಬಿರಿಯದೆ ಇನ್ನೇನು ಮಾಡೀತು? ಬಣ್ಣ ಎದ್ದು ಹೋದದ್ದನ್ನು ಮುಚ್ಚಲು ಅವರು ಶೂ ಪಾಲಿಶ್ ಬಳಿದಿದ್ದರು. ಶೂ ಪಾಲಿಶ್ ಅಂದರೆ ಮೇಣ ಮತ್ತು ಬಣ್ಣ. ಶೂ ಬಟ್ಟೆಗೆ ಉಜ್ಜುವುದು ಕಡಿಮೆ. ಹೆಗಲಿಗೆ ಹಾಕುವ ಬ್ಯಾಗ್ ನಡೆದಷ್ಟು ಹೊತ್ತೂ ಬಟ್ಟೆಗೆ ಉಜ್ಜುತ್ತಲೇ ಇರುತ್ತದೆ. ಸೆಕೆ, ಬೆವರು ಸೇರಿದರೆ ಮೇಣ ಮೆತ್ತಗಾಗಿ ಬಣ್ಣ ಸೀರೆಗೆ ಇಳಿಯುತ್ತದೆ.

ನಿಮ್ಮ ಬ್ಯಾಗಿನ ಮೇಲೆ ಲೇಪನ ಇದೆಯೋ ಇಲ್ಲವೋ ಅಂತ ಮನೆಯಲ್ಲೇ ನೋಡಬಹುದು. ಕೆಳಗೆ ಎಲ್ಲಾದರೂ ಕಾಣದ ಜಾಗದಲ್ಲಿ ಒಂದು ಹನಿ ನೀರು ಇಡಿ. ಹನಿ ಹಾಗೇ ಮಣಿಯಾಗಿ ನಿಂತರೆ ಮೇಲೆ ರಕ್ಷಣೆಯ ಲೇಪನವಿದೆ. ನೀರು ಇಳಿದು ಜಾಗ ಕಪ್ಪಗಾದರೆ ಲೇಪನ ಇಲ್ಲ, ಅಥವಾ ತುಂಬಾ ತೆಳು. ಲೇಪನ ಇಲ್ಲದ್ದು ಬಲು ಸೂಕ್ಷ್ಮ. ಬರೀ ನೀರಿಗೂ ಕಲೆಯಾಗುತ್ತದೆ. ಮಖಮಲ್ಲಿನಂತೆ ಜುಂಗು ಇರುವ ಸ್ವೇಡ್ ಬ್ಯಾಗ್ ಆದರೆ ನೀರೂ ಬೇಡ, ಕ್ರೀಮೂ ಬೇಡ. ಮೆತ್ತನೆ ಬ್ರಷ್ ಸಾಕು.

ಲೇಪನ ಇರುವ ಬ್ಯಾಗನ್ನು ಮೆತ್ತನೆ ಹತ್ತಿ ಬಟ್ಟೆ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿದರೆ ದಿನನಿತ್ಯದ ಧೂಳು ಹೋಗುತ್ತದೆ. ಒರೆಸಿದ ಮೇಲೆ ನೆರಳಲ್ಲಿ ಆರಿಸಿ. ವರ್ಷಕ್ಕೆ ಒಂದೆರಡು ಸಲ ಬಣ್ಣವಿಲ್ಲದ ಲೆದರ್ ಕ್ರೀಮ್ ತೆಳ್ಳಗೆ ಹಚ್ಚಿದರೆ ಸಾಕು. ಅದನ್ನೂ ಮೊದಲು ಕಾಣದ ಜಾಗದಲ್ಲಿ ಹಚ್ಚಿ, ಒಂದು ರಾತ್ರಿ ಬಿಟ್ಟು ನೋಡಿ.

ಬೆಣ್ಣೆ, ತುಪ್ಪ, ಮಿರ್ಚಿಯ ಎಣ್ಣೆ ಬಿದ್ದರೆ ಮಾತ್ರ ನೀರು ಹಾಕಬಾರದು. ಮೊದಲು ಒಣ ಬಟ್ಟೆಯಿಂದ ಒತ್ತಿ ತೆಗೆಯಬೇಕು, ಉಜ್ಜಬಾರದು. ಆಮೇಲೆ ಟಾಲ್ಕಂ ಪೌಡರ್ ಅಥವಾ ಕಾರ್ನ್‌ಫ್ಲೋರ್ ದಪ್ಪಗೆ ಉದುರಿಸಿ ರಾತ್ರಿಯಿಡೀ ಬಿಡಿ. ಪುಡಿ ಎಣ್ಣೆ ಹೀರಿಕೊಳ್ಳುತ್ತದೆ. ಬೆಳಿಗ್ಗೆ ಮೆತ್ತನೆ ಬ್ರಷ್‌ನಿಂದ ಕೊಡವಿ, ಬೇಕಾದರೆ ಇನ್ನೊಮ್ಮೆ ಮಾಡಿ. ಪೂರ್ತಿ ಹೋಗದಿದ್ದರೂ ತುಂಬಾ ಮಾಸುತ್ತದೆ. ಅಮ್ಮನ ಬ್ಯಾಗಿಗೆ ಬೇಕಿದ್ದದ್ದು ಇಷ್ಟೇ.

ವಾಟ್ಸಾಪ್‌ನಲ್ಲಿ ಓಡಾಡುವ ಮನೆಮದ್ದುಗಳ ಬಗ್ಗೆಯೂ ಹೇಳಲೇಬೇಕು. ಅಂಗಡಿ ಬೇಡ ಅಂತ ಇವುಗಳ ಕೈಗೆ ಬ್ಯಾಗ್ ಕೊಟ್ಟರೆ ಗತಿ ಅದೇ. ಲೆದರ್ ಸ್ವಲ್ಪ ಆಮ್ಲ ಗುಣದ್ದು, ಪಿಎಚ್ 4ರ ಆಸುಪಾಸು. ಮೈ ಸೋಪು ಅದಕ್ಕೆ ವಿರುದ್ಧ, ಕ್ಷಾರ ಗುಣದ್ದು, 9ರಿಂದ 10ರವರೆಗೆ ಇರುತ್ತದೆ. ಪದೇ ಪದೇ ಸೋಪು ನೀರು, ಅಡುಗೆ ಸೋಡಾ ಹಾಕಿದರೆ ಚರ್ಮ ಒರಟಾಗಿ ಬಿರಿಯುತ್ತದೆ. ಟೂತ್‌ಪೇಸ್ಟ್‌ನಲ್ಲಿ ಉಜ್ಜುವ ನುಣ್ಣನೆ ಪುಡಿ ಇದೆ, ಅದು ಲೇಪನವನ್ನೇ ಕೆರೆಯುತ್ತದೆ. ಪೆನ್ನಿನ ಇಂಕಿಗೆ ಸ್ಯಾನಿಟೈಸರ್, ನೈಲ್ ಪಾಲಿಶ್ ರಿಮೂವರ್ ಹಾಕಿ ಅನ್ನುತ್ತಾರೆ. ಇಂಕಿನ ಜೊತೆ ಬ್ಯಾಗಿನ ಬಣ್ಣವೂ ಬರುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದ ದಿನ ಚೆಂದ ಕಾಣುತ್ತದೆ, ಆದರೆ ಅದು ಆರುವುದಿಲ್ಲ. ಚರ್ಮ ಕಪ್ಪಾಗುತ್ತದೆ, ಧೂಳು ಅಂಟುತ್ತದೆ, ಕೆಲವು ತಿಂಗಳಿಗೆ ಕಮಟು ವಾಸನೆ. ಒದ್ದೆಯಾದ ಬ್ಯಾಗನ್ನು ಬಿಸಿಲಿಗೆ ಹಾಕುವುದು, ಹೇರ್ ಡ್ರೈಯರ್ ಹಿಡಿಯುವುದಂತೂ ಬೇಡವೇ ಬೇಡ. ಒದ್ದೆ ಚರ್ಮ ಬಿಸಿಗೆ ಕುಗ್ಗಿದರೆ ಮತ್ತೆ ಹಿಗ್ಗುವುದಿಲ್ಲ.

ಇಡುವಾಗ ಪ್ಲಾಸ್ಟಿಕ್ ಕವರ್ ಬೇಡ. ಹಳೆ ಹತ್ತಿ ದಿಂಬಿನ ಕವರ್ ಒಳ್ಳೆಯದು. ಒಳಗೆ ಬಿಳಿ ಕಾಗದ ತುಂಬಿ. ನ್ಯೂಸ್ ಪೇಪರ್ ತುಂಬಿದರೆ ಅಕ್ಷರದ ಇಂಕು ಬ್ಯಾಗಿನ ಒಳಬಟ್ಟೆಗೆ ಹತ್ತುತ್ತದೆ. ಮಳೆಗಾಲದಲ್ಲಿ ಆಗಾಗ ಹೊರಗೆ ತೆಗೆದು ಗಾಳಿಯಾಡಿಸಿ.

ಇನ್ನೊಂದು ವಿಷಯ. ಪದರ ಪದರ ಕಿತ್ತು ಬರುತ್ತಿರುವ ಬ್ಯಾಗನ್ನು ಸರಿಮಾಡಿ ಕೊಡುತ್ತೇವೆ ಅಂದರೆ ನಂಬಬೇಡಿ. ಅದು ಸಾಮಾನ್ಯವಾಗಿ ಲೆದರ್ ಅಲ್ಲ, ಬಟ್ಟೆಯ ಮೇಲೆ ಪಿಯು ಅನ್ನುವ ಪ್ಲಾಸ್ಟಿಕ್ ಪದರ ಅಂಟಿಸಿದ್ದು. ಗಾಳಿಯ ತೇವಕ್ಕೆ ಆ ಪದರವೇ ಸಡಿಲವಾಗುತ್ತದೆ. ಯಾವ ಕ್ರೀಮಿಗೂ ಅದು ಕೂಡುವುದಿಲ್ಲ.

ಅಂಗಡಿಗೆ ಕೊಡಲೇಬೇಕು ಅಂತಿದ್ದರೆ ನೇರವಾಗಿ ಕೇಳಿ. ಏನು ಹಾಕುತ್ತೀರಿ? ಥಿನ್ನರ್ ಬಳಸುತ್ತೀರಾ? ಮೊದಲು ಮೂಲೆಯಲ್ಲಿ ಹಚ್ಚಿ ತೋರಿಸುತ್ತೀರಾ? ಉತ್ತರ ತಡವರಿಸಿದರೆ ಬ್ಯಾಗ್ ವಾಪಸ್ ತನ್ನಿ. ಕೊಡುವಾಗ ನಾಲ್ಕೂ ಕಡೆ ಫೋಟೋ ತೆಗೆದುಕೊಳ್ಳಿ. ಚೀಟಿಯ ಮೇಲೆ ಲೆದರ್ ಬ್ಯಾಗ್, ಬಣ್ಣ, ಈಗಿರುವ ಕಲೆ, ಎಲ್ಲ ಬರೆಸಿ.

ನಮ್ಮ ಚೀಟಿಯ ಹಿಂದೆ ಸಣ್ಣ ಅಕ್ಷರದಲ್ಲಿ "ಬಣ್ಣ ಹೋದರೆ, ಹಾನಿಯಾದರೆ ನಾವು ಹೊಣೆಯಲ್ಲ" ಅಂತ ಇತ್ತು. ಮಾಲೀಕರು ಅದನ್ನೇ ತೋರಿಸಿ 450 ರೂಪಾಯಿ ವಾಪಸ್ ಕೊಟ್ಟು ಕೈ ತೊಳೆದುಕೊಳ್ಳಲು ನೋಡಿದರು. ಆ ಸಾಲು ಇದೆ ಅಂದಮಾತ್ರಕ್ಕೆ ದೂರು ಕೊಡುವ ಹಕ್ಕು ಹೋಗುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ತೊಂದರೆಯಾದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ನಾವು 450 ತಗೊಂಡಿಲ್ಲ. ಬ್ಯಾಗ್, ಸೀರೆ, ಚೀಟಿ, ಫೋಟೋ, ಎಲ್ಲ ಜೋಪಾನವಾಗಿ ಇಟ್ಟಿದ್ದೇವೆ.

ಈಗಾಗಲೇ ಎಲ್ಲಾದರೂ ಬ್ಯಾಗ್ ಕೊಟ್ಟಿರುವವರು ತರಲು ಹೋಗುವಾಗ ಒಂದು ಬಿಳಿ ಕರ್ಚೀಫ್ ತಗೊಂಡು ಹೋಗಿ. ದುಡ್ಡು ಕೊಡುವ ಮುಂಚೆ, ಅವರ ಎದುರಿಗೇ, ಕರ್ಚೀಫನ್ನು ಸ್ವಲ್ಪ ಒದ್ದೆ ಮಾಡಿ ಬ್ಯಾಗಿನ ಹಿಂಭಾಗ ಮತ್ತು ಪಟ್ಟಿಯ ಮೇಲೆ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಅಲ್ಲೇ ಫೋಟೋ ತೆಗೆಯಿರಿ, ಚೀಟಿಯ ಮೇಲೆ ಅವರ ಕೈಯಲ್ಲೇ ಬರೆಸಿಕೊಳ್ಳಿ.